ಬಿಸಿ, ಕಾವು, ಸೆಕೆ, ಉರಿ: 'ಹೀಟ್'ಗೆ ಕನ್ನಡದಲ್ಲಿ ಏನನ್ನಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳ ಹಿಂದೆ ನಮ್ಮ ಸೋದರತ್ತೆ ಮಂಡಿನೋವಿಗೆ ಒಂದು ಮುಲಾಮು ತರಿಸಿಕೊಂಡಿದ್ದರು. ಡಬ್ಬಿಯ ಮೇಲೆ ಕನ್ನಡದಲ್ಲಿ 'ಶಾಖದಿಂದ ದೂರವಿಡಿ' ಎಂದು ಅಚ್ಚಾಗಿತ್ತು. ಅತ್ತೆಗೆ ಶಾಖ ಅಂದರೆ ಗೊತ್ತಿದ್ದದ್ದು ಒಂದೇ. ಬಿಸಿನೀರಿನ ಚೀಲವನ್ನೋ, ಬಟ್ಟೆಯಲ್ಲಿ ಕಟ್ಟಿದ ಬಿಸಿ ಉಪ್ಪಿನ ಗಂಟನ್ನೋ ನೋವಿದ್ದ ಕಡೆ ಒತ್ತಿಕೊಳ್ಳುವುದು. 'ಈ ಮುಲಾಮು ಹಚ್ಚಿದರೆ ಶಾಖ ಕೊಡಬಾರದಂತೆ' ಎಂದುಕೊಂಡು ದಿನಾ ಕೊಡುತ್ತಿದ್ದ ಶಾಖವನ್ನು ನಿಲ್ಲಿಸಿಬಿಟ್ಟರು. ಡಬ್ಬಿ ಮಾತ್ರ ಪಡುವಣ ಕಿಟಕಿಯ ಮೇಲೆ, ಮೇ ತಿಂಗಳ ಬಿಸಿಲಿಗೆ ಕೂತಿತ್ತು. ವಾರ ಬಿಟ್ಟು ನಾನು ಮುಚ್ಚಳ ತೆಗೆದರೆ ಎಣ್ಣೆ ಮೇಲೆ ತೇಲುತ್ತಿತ್ತು, ತಳದಲ್ಲಿ ಬಿಳೀ ಗಸಿ. 'ಬಿಸಿಲಿಗೆ ಇಡಬೇಡಿ' ಎಂದು ಎರಡು ಮಾತು ಬರೆದಿದ್ದರೆ ಸಾಕಿತ್ತು.

ನನ್ನದು ಅನುವಾದದ ಕರಡು ತಿದ್ದುವ ಕೆಲಸ. ಅಂದಿನಿಂದ ಈ ಪದಗಳ ಬಗ್ಗೆ ಯಾರು ಕೇಳಿದರೂ ಉದ್ದಕ್ಕೆ ಉತ್ತರ ಕೊಡುತ್ತೇನೆ. ಜಾಸ್ತಿ ಕೇಳಿಬಂದ ಪ್ರಶ್ನೆಗಳು ಇಲ್ಲಿವೆ.

ಹೀಟ್‌ಗೆ ಕನ್ನಡದಲ್ಲಿ ಒಂದೇ ಪದ ಇಲ್ವಾ?

ಇಲ್ಲ. ಇಲ್ಲದಿರುವುದು ಕೊರತೆಯಲ್ಲ. ಬಿಸಿಲಿಂದ ಬಂದದ್ದೋ ಒಲೆಯಿಂದ ಬಂದದ್ದೋ, ಮೈಗೆ ಹಿತವೋ ಹಿಂಸೆಯೋ, ಒಣದೋ ಬೆವರಿನದೋ ಎಂಬುದನ್ನು ನಮ್ಮ ಪದಗಳು ತಾವೇ ಹೇಳಿಬಿಡುತ್ತವೆ. 'ಬೆಚ್ಚಗಿದೆ' ಅಂದ ಕೂಡಲೇ ಹಿತ ಎಂದು ಗೊತ್ತಾಗುತ್ತದೆ. 'ಧಗೆ' ಅಂದ ಕೂಡಲೇ ಗಂಟಲು ಒಣಗುತ್ತದೆ. ಈ ಎಲ್ಲದರ ಜಾಗದಲ್ಲೂ 'ಶಾಖ' ಎಂದು ಬರೆಯುವುದು ಈಗ ರೂಢಿಯಾಗುತ್ತಿದೆ. ಅದು ನಿಲ್ಲಬೇಕು ಎಂಬುದು ನನ್ನ ಆಸೆ.

ಬಿಸಿ, ಬಿಸಿಲು, ಬೇಸಿಗೆ, ಬೆಂಕಿ: ಇವೆಲ್ಲ ಸಂಬಂಧಿಕರಾ?

ಹೌದು, ಒಂದೇ ಮನೆಯವು. ಬೇಯು, ಬೆಂದ, ಬೇಗೆ, ಬೆಚ್ಚಗೆ ಕೂಡ ಅದೇ ಮನೆಯವು. ತಮಿಳಿನಲ್ಲಿ ಬಿಸಿಲಿಗೆ ವೆಯಿಲ್ ಅನ್ನುತ್ತಾರೆ, ತೆಲುಗಿನಲ್ಲಿ ಬಿಸಿಗೆ ವೇಡಿ. ಅಲ್ಲಿ 'ವ' ಇರುವ ಎಷ್ಟೋ ಕಡೆ ನಮ್ಮಲ್ಲಿ 'ಬ' ಇರುತ್ತದೆ. ತಮಿಳಿನವರ ವಾ ನಮ್ಮ ಬಾ, ಅವರ ವಾಯ್ ನಮ್ಮ ಬಾಯಿ, ಅವರ ವಿರಲ್ ನಮ್ಮ ಬೆರಳು. ಹಾಗೆಯೇ ಇದೂ.

ದಕ್ಷಿಣ ಕನ್ನಡದ ಪುತ್ತೂರಿನ ಹತ್ತಿರ ಇರ್ದೆ ಗ್ರಾಮದಲ್ಲಿ ಒಂದು ಬಿಸಿನೀರಿನ ಬುಗ್ಗೆ ಇದೆ. ಹೆಸರು ಬೆಂದ್ರು ತೀರ್ಥ. ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು. ಹೆಸರಲ್ಲೇ ಆ 'ಬೆ' ಕೂತಿದೆ ನೋಡಿ.

ಆದರೆ 'ಬೆಚ್ಚಿಬಿದ್ದ' ಎನ್ನುವಾಗಿನ ಬೆಚ್ಚು ಈ ಮನೆಯದಲ್ಲ. ಅದು ಹೆದರಿಕೆಯದು, ಹಳೆಯ ರೂಪ ಬೆರ್ಚು. ಹೊಲದಲ್ಲಿ ಹಕ್ಕಿ ಹೆದರಿಸಲು ನಿಲ್ಲಿಸುವ ಬೆರ್ಚಪ್ಪನಿಗೆ ಆ ಹೆಸರು ಬಂದದ್ದು ಅಲ್ಲಿಂದ.

'ಬಿಸಿ ಮಾಡು' ಮತ್ತು 'ಕಾಯಿಸು' ಒಂದೇ ಅಲ್ವಾ?

ಅಲ್ಲ. ಇದು ನನಗೆ ತುಂಬಾ ಇಷ್ಟದ ಪ್ರಶ್ನೆ.

ಬೆಳಿಗ್ಗೆ ಬಂದ ಹಸಿ ಹಾಲನ್ನು ಉಕ್ಕುವ ತನಕ ಒಲೆಯ ಮೇಲಿಟ್ಟರೆ ಹಾಲು ಕಾಯಿಸಿದ ಹಾಗೆ. ಅದೇ ಹಾಲನ್ನು ಸಂಜೆ ಕಾಫಿಗೆ ಮತ್ತೆ ಒಲೆಗಿಟ್ಟರೆ ಬಿಸಿ ಮಾಡಿದ ಹಾಗೆ. ಅನ್ನ, ಸಾರು, ಪಲ್ಯ ಬಿಸಿ ಮಾಡುತ್ತೇವೆ. 'ಅನ್ನ ಕಾಯಿಸು' ಅಂತ ಯಾರೂ ಅನ್ನುವುದಿಲ್ಲ. ಎಣ್ಣೆ, ತುಪ್ಪ, ಹಂಚು, ಕಬ್ಬಿಣ ಇವು ಕಾಯುವ ವಸ್ತುಗಳು.

ಕಾಯುವುದು ಅಂದರೆ ಬಿಸಿಯಾಗಿ ಕೆಲಸಕ್ಕೆ ಸಿದ್ಧವಾಗುವುದು. ಪೂರಿ ಕರಿಯುವಾಗ ಅಮ್ಮ 'ಎಣ್ಣೆ ಕಾದಿದೆಯಾ ನೋಡು' ಅನ್ನುತ್ತಾಳೆ. ಚೂರೇ ಚೂರು ಹಿಟ್ಟು ಬಿಡುತ್ತೀರಿ. ತಳಕ್ಕೆ ಹೋಗಿ ಅಲ್ಲೇ ಕೂತರೆ ಎಣ್ಣೆ ಬಿಸಿಯಾಗಿದೆ, ಇನ್ನೂ ಕಾದಿಲ್ಲ. ಚುರ್ ಅಂತ ಗುಳ್ಳೆ ಸುತ್ತಿಕೊಂಡು ಮೇಲೆದ್ದರೆ ಕಾದಿದೆ. ಎರಡರ ನಡುವೆ ಒಂದೆರಡು ನಿಮಿಷ ಅಷ್ಟೇ, ಆದರೆ ಪೂರಿ ಉಬ್ಬುವುದೋ ಎಣ್ಣೆ ಕುಡಿಯುವುದೋ ಅಲ್ಲೇ ತೀರ್ಮಾನವಾಗುತ್ತದೆ. ಕಬ್ಬಿಣ ಕಾದಾಗ ಬಡಿಯಬೇಕು ಎಂಬ ಗಾದೆಯಲ್ಲಿ ಇರುವುದೂ ಇದೇ ಕಾಯು. ದೋಸೆ ಹುಯ್ಯುವ ಕಾವಲಿಗೆ ಆ ಹೆಸರು ಬಂದದ್ದೂ ಇದರಿಂದಲೇ.

ಸ್ನಾನದ ನೀರಿಗೆ ಎರಡೂ ನಡೆಯುತ್ತದೆ. ಹಂಡೆ ಒಲೆ ಇರುವ ಮನೆಗಳಲ್ಲಿ ಕಾಯಿಸುವುದೇ ಹೆಚ್ಚು. ಗೀಸರ್ ಬಂದ ಮೇಲೆ ಬಿಸಿ ಮಾಡುವುದು ಹೆಚ್ಚಾಯಿತು. ಮುದ್ದೆಗೆ ಇಟ್ಟ ನೀರಿನ ಮಾತೇ ಬೇರೆ. ಅದು ಎಸರು. ಎಸರು ಕಾಯುವುದಿಲ್ಲ, ಮರಳುತ್ತದೆ, ಅಂದರೆ ಕುದಿಯುತ್ತದೆ.

ಅಡುಗೆ ಬರೆಯುವಾಗ 'ಮೀಡಿಯಂ ಹೀಟ್'ಗೆ ಏನು ಬರೆಯಲಿ?

'ಹದವಾದ ಉರಿ' ಅಥವಾ 'ಮಧ್ಯಮ ಉರಿ' ಎಂದು ಬರೆಯಿರಿ. ಕಡಿಮೆಯಾದರೆ ಸಣ್ಣ ಉರಿ, ಹೆಚ್ಚಾದರೆ ದೊಡ್ಡ ಉರಿ. 'ಕಡಿಮೆ ಶಾಖದಲ್ಲಿ ಹತ್ತು ನಿಮಿಷ ಬೇಯಿಸಿ' ಎಂಬ ಸಾಲು ಈಗ ಎಲ್ಲೆಲ್ಲೂ ಕಾಣುತ್ತದೆ. ಹಾಗೆ ಮಾತಾಡುವ ಒಬ್ಬ ಅಡುಗೆಯವರನ್ನೂ ನಾನು ಕಂಡಿಲ್ಲ. ಇಂಡಕ್ಷನ್ ಒಲೆಗೆ ಉರಿಯೇ ಇಲ್ವಲ್ಲ ಅಂತ ಕೇಳುವವರಿದ್ದಾರೆ. ಪರವಾಗಿಲ್ಲ, ಅದರ ಮುಂದೆ ನಿಂತವರೂ 'ಉರಿ ಸಣ್ಣ ಮಾಡು' ಅಂತಲೇ ಅನ್ನುತ್ತಾರೆ.

ಸೆಕೆ, ಧಗೆ, ಝಳ: ಬೇಸಿಗೆಯಲ್ಲಿ ಯಾವುದನ್ನು ಎಲ್ಲಿ ಹೇಳಬೇಕು?

ನೀವು ನಿಂತಿರುವ ಊರೇ ಹೇಳಿಕೊಡುತ್ತದೆ. ಮಂಗಳೂರಿನಲ್ಲಿ ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಇದ್ದರೂ ಅಂಗಿ ಬೆನ್ನಿಗೆ ಅಂಟಿರುತ್ತದೆ, ಒರೆಸಿಕೊಂಡಷ್ಟೂ ಬೆವರು. 'ಎಂಥ ಸೆಕೆ ಮಾರಾಯ್ರೆ' ಅನ್ನುವುದು ಅದಕ್ಕೆ. ಕಲಬುರಗಿ, ರಾಯಚೂರಿನಲ್ಲಿ 40 ಡಿಗ್ರಿ ದಾಟುತ್ತದೆ, ಆದರೆ ಬೆವರು ಬಂದದ್ದೇ ಗೊತ್ತಾಗುವುದಿಲ್ಲ. ಗಾಳಿ ಒಣದು, ಬಂದ ಬೆವರು ಬಂದ ಕೂಡಲೇ ಆರಿಹೋಗುತ್ತದೆ. ತುಟಿ ಒಡೆಯುತ್ತದೆ, ಕಣ್ಣು ಉರಿಯುತ್ತದೆ. ಅದು ಧಗೆ, ಅಲ್ಲಿನ ಬಾಯಲ್ಲಿ ಧಗಿ. ಡಾಂಬರು ರಸ್ತೆಯಿಂದ, ಬಂಡೆಯಿಂದ, ತಗಡಿನ ಚಾವಣಿಯಿಂದ ಮುಖಕ್ಕೆ ಹೊಡೆಯುವುದು ಝಳ.

ಸೆಕೆಗೂ ಧಗೆಗೂ ಇರುವ ವ್ಯತ್ಯಾಸ ಬರೀ ಮಾತಿನದಲ್ಲ. ಬೆವರು ಮೈಯನ್ನು ತಂಪು ಮಾಡುವುದು ಅದು ಆರಿದಾಗ ಮಾತ್ರ. ಕರಾವಳಿಯ ಗಾಳಿಯಲ್ಲಿ ಆಗಲೇ ನೀರಿನ ಪಸೆ ತುಂಬಿರುವುದರಿಂದ ಬೆವರು ಆರದೆ ಸುಮ್ನೆ ಹರಿಯುತ್ತದೆ. ಆದ್ದರಿಂದ ಡಿಗ್ರಿ ಕಡಿಮೆ ಇದ್ದರೂ ಮೈಗೆ ಹಿಂಸೆ ಹೆಚ್ಚು. 'ಅಲ್ಲಿ ಬರೀ 34 ತಾನೇ' ಎಂದು ಒಳನಾಡಿನವರು ಅಂದರೆ ಕರಾವಳಿಯವರಿಗೆ ಕೋಪ ಬರುವುದು ನ್ಯಾಯವೇ.

ಬಿಸಿಲಿಗೂ ನಮ್ಮಲ್ಲಿ ಮೆಟ್ಟಿಲುಗಳಿವೆ. ಬೆಳಗಿನದು ಎಳೆಬಿಸಿಲು, ಹಿತವಾಗಿದ್ದರೆ ಹೂಬಿಸಿಲು, ಸಂಜೆಯದು ಹೊಂಬಿಸಿಲು. ನೆತ್ತಿಯ ಮೇಲಿನದು ಸುಡುಬಿಸಿಲು, ಉರಿಬಿಸಿಲು, ರಣಬಿಸಿಲು.

ಹೀಟ್ ವೇವ್ ಅಂದರೆ ಬಿಸಿಗಾಳಿಯೋ, ಶಾಖದ ಅಲೆಯೋ?

ಪತ್ರಿಕೆಗಳಲ್ಲಿ ಬಿಸಿಗಾಳಿ, ಶಾಖದ ಅಲೆ, ಉಷ್ಣ ಅಲೆ ಮೂರೂ ಕಾಣುತ್ತವೆ. ನಾನು ಬಿಸಿಗಾಳಿಯನ್ನೇ ಬಳಸುತ್ತೇನೆ, ಓದಿದ ತಕ್ಷಣ ಮೈಗೆ ಗೊತ್ತಾಗುತ್ತದೆ ಅಂತ. ಆದರೆ ಒಂದು ತೊಡಕಿದೆ. ಗಾಳಿಯೇ ಬೀಸದ ದಿನವೂ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಹೀಟ್ ವೇವ್ ಆಗಿರಬಹುದು. ಬಯಲು ನಾಡಿನಲ್ಲಿ ಗರಿಷ್ಠ ತಾಪಮಾನ 40 ಡಿಗ್ರಿ ಮುಟ್ಟಿ, ಅದು ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಕರಾವಳಿಗೆ 37 ಡಿಗ್ರಿ ಸಾಕು, ಗುಡ್ಡಗಾಡಿಗೆ 30. ವಾಡಿಕೆಗಿಂತ 6.4 ಡಿಗ್ರಿಯನ್ನೂ ಮೀರಿದರೆ ಅದು ತೀವ್ರ. ಹಾಗಾಗಿ ಮುನ್ನೆಚ್ಚರಿಕೆ ಬರೆಯುವಾಗ 'ಬಿಸಿಗಾಳಿ' ಎಂದು ಬರೆದು, ಪಕ್ಕದಲ್ಲೇ 'ಗಾಳಿ ಇಲ್ಲದಿದ್ದರೂ ಎಚ್ಚರ' ಎಂದು ಒಂದು ಸಾಲು ಸೇರಿಸಿ.

ಇದರ ಜೊತೆಗೇ ಬರುವ ಸನ್ ಸ್ಟ್ರೋಕ್‌ಗೆ ಪುಸ್ತಕದ ಪದ ಸೂರ್ಯಾಘಾತ. ಹಳ್ಳಿಯಲ್ಲಿ 'ಬಿಸಿಲು ಬಡಿದಿದೆ' ಅನ್ನುತ್ತಾರೆ. ಬಿಸಿಲಲ್ಲಿ ದುಡಿದವರು ತೊದಲುತ್ತಿದ್ದರೆ, ಗೊಂದಲದಲ್ಲಿದ್ದರೆ, ಮೈ ಸುಡುತ್ತಿದ್ದರೆ ಅದನ್ನು ಬರೀ ಸುಸ್ತು ಎಂದುಕೊಳ್ಳಬೇಡಿ. ಮೈಯ ತಾಪ 40 ಡಿಗ್ರಿ ದಾಟಿರಬಹುದು. 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ನೆರಳಿಗೆ ತಂದು, ಬಟ್ಟೆ ಸಡಿಲ ಮಾಡಿ, ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಶಾಲೆಯ ಪುಸ್ತಕದಲ್ಲಿ ಉಷ್ಣ, ತಾಪ, ಶಾಖ ಎಲ್ಲಾ ಬರುತ್ತದೆ. ಮಗು ಗೊಂದಲ ಮಾಡಿಕೊಳ್ಳುತ್ತಿದೆ.

ದೊಡ್ಡವರಿಗೂ ಗೊಂದಲವೇ. ವಿಜ್ಞಾನದಲ್ಲಿ ಎರಡು ಬೇರೆ ಸಂಗತಿಗಳಿವೆ. ಎಷ್ಟು ಬಿಸಿ ಇದೆ ಎಂಬ ಅಳತೆ ಒಂದು. ಅದು ತಾಪ ಅಥವಾ ತಾಪಮಾನ. ಬಿಸಿ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಹರಿದುಹೋಗುವ ಶಕ್ತಿ ಇನ್ನೊಂದು. ಅದು ಉಷ್ಣ, ಅಥವಾ ಶಾಖ. ಶಾಖ ಎಂಬ ಪದ ನಿಜವಾಗಿ ಒಪ್ಪುವ ಜಾಗ ಇದು. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡುವ ಕಡೆಯನ್ನು ಶಾಖೋತ್ಪನ್ನ ಕೇಂದ್ರ ಅನ್ನುವುದು ಅದಕ್ಕೇ.

ಮಗುವಿಗೆ ಹೀಗೆ ಹೇಳಿ. ಒಂದು ಲೋಟ ಕುದಿಯುವ ನೀರು, ಒಂದು ಹಂಡೆ ಕುದಿಯುವ ನೀರು. ಎರಡರ ತಾಪವೂ 100 ಡಿಗ್ರಿ. ಆದರೆ ಲೋಟ ಬೇಗ ಆರುತ್ತದೆ. ಹಂಡೆಯಲ್ಲಿ ಶಾಖ ಜಾಸ್ತಿ ತುಂಬಿದೆ, ಅದು ಮಧ್ಯಾಹ್ನದವರೆಗೂ ಬೆಚ್ಚಗಿರುತ್ತದೆ.

ಇನ್ನೂ ಒಂದು ಉದಾಹರಣೆ ಅಡುಗೆಮನೆಯಲ್ಲೇ ಇದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಮಣಿಕಟ್ಟಿಗೆ ಹಬೆ ತಾಗಿದರೆ ಕುದಿನೀರು ಸಿಡಿದದ್ದಕ್ಕಿಂತ ಜೋರಾಗಿ ಸುಡುತ್ತದೆ. ಎರಡರದ್ದೂ 100 ಡಿಗ್ರಿಯೇ ಅಲ್ವಾ? ಹೌದು. ಆದರೆ ಒಂದು ಗ್ರಾಂ ಕುದಿನೀರು ಮೈಯ ತಾಪಕ್ಕೆ ಇಳಿಯುವಾಗ ಬಿಟ್ಟುಕೊಡುವುದು ಸುಮಾರು 63 ಕ್ಯಾಲೊರಿ. ಒಂದು ಗ್ರಾಂ ಹಬೆ ಮೊದಲು ನೀರಾಗುವಾಗಲೇ ಸುಮಾರು 540 ಕ್ಯಾಲೊರಿ ಬಿಡುತ್ತದೆ, ಆಮೇಲೆ ಆ 63 ಬೇರೆ. ತಾಪಮಾಪಕಕ್ಕೆ ಕಾಣದೆ ಒಳಗೆ ಅಡಗಿ ಕೂತಿದ್ದ ಈ ಶಾಖವನ್ನು 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಗುರುತಿಸಿದರು. ಕನ್ನಡದಲ್ಲಿ ಅದಕ್ಕೆ ಗುಪ್ತೋಷ್ಣ ಎನ್ನುತ್ತೇವೆ. ಎಷ್ಟು ಸರಿಯಾದ ಹೆಸರು!

ಹೋಟೆಲ್ ಬೋರ್ಡಿನಲ್ಲಿ 'ಶಾಖಾಹಾರಿ' ಅಂತ ಇರುತ್ತದಲ್ಲ?

ಅದು ತಪ್ಪು. ಶಾಕ ಅಂದರೆ ಸೊಪ್ಪು ತರಕಾರಿ, ಆದ್ದರಿಂದ ಶಾಕಾಹಾರಿ. ಸಸ್ಯಾಹಾರಿ ಎಂದು ಬರೆದರೆ ತಾಪತ್ರಯವೇ ಇಲ್ಲ.

'ಮೈ ಹೀಟ್ ಆಗಿದೆ' ಅಂದರೆ ಜ್ವರವಾ?

ಜ್ವರ ಅಲ್ಲ. ಕಣ್ಣುರಿ, ಬಾಯಿಹುಣ್ಣು, ಅಂಗಾಲು ಉರಿ, ಉರಿಮೂತ್ರ ಇಂಥವಕ್ಕೆಲ್ಲ ನಾವು 'ಉಷ್ಣ ಆಗಿದೆ', 'ಹೀಟ್ ಆಗಿದೆ' ಅನ್ನುತ್ತೇವೆ. ಹುರುಳಿ, ಪಪ್ಪಾಯಿ, ಮಾವಿನಹಣ್ಣು ಉಷ್ಣ. ಎಳನೀರು, ಮಜ್ಜಿಗೆ, ರಾಗಿ ಅಂಬಲಿ, ನೆನೆಸಿದ ಕಾಮಕಸ್ತೂರಿ ಬೀಜ ತಂಪು. ಬಿಸಿಬಿಸಿ ರಾಗಿ ಗಂಜಿಯನ್ನು ಬಾಯಿ ಸುಟ್ಟುಕೊಂಡು ಕುಡಿದರೂ ಅದು ತಂಪೇ. ಇಲ್ಲಿ ಉಷ್ಣ ಅಂದರೆ ಮುಟ್ಟಿದರೆ ತಿಳಿಯುವ ಬಿಸಿಯಲ್ಲ, ಒಳಗೆ ಹೋದ ಮೇಲೆ ಮೈಗೆ ಏನು ಮಾಡುತ್ತದೆ ಎಂಬ ಗುಣ. ಆಯುರ್ವೇದ ಇದನ್ನು ಉಷ್ಣವೀರ್ಯ, ಶೀತವೀರ್ಯ ಎಂದು ಕರೆಯುತ್ತದೆ. ರಾಮನವಮಿಗೆ ಪಾನಕ, ಮಜ್ಜಿಗೆ, ಹೆಸರುಬೇಳೆ ಕೋಸಂಬರಿ ಹಂಚುವುದು ಬೇಸಿಗೆಯ ನಡುವೆ ಎಂಬುದನ್ನು ಗಮನಿಸಿ.

ತಾಪಮಾಪಕ ಇಟ್ಟು ನೋಡಿದರೆ ಹುರುಳಿ ಸಾರು ತಿಂದವರ ಮೈ 37 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ ಆಧುನಿಕ ವೈದ್ಯರ ಬಳಿ ಹೋದಾಗ 'ಹೀಟ್ ಆಗಿದೆ' ಎಂದಷ್ಟೇ ಹೇಳಬೇಡಿ. ಎಲ್ಲಿ ಉರಿ, ಎಷ್ಟು ದಿನದಿಂದ, ಮೂತ್ರಕ್ಕೆ ಹೋಗುವಾಗ ನೋವಿದೆಯಾ ಎಂದು ಬಿಡಿಸಿ ಹೇಳಿ. ಉರಿಮೂತ್ರ ಎಷ್ಟೋ ಸಲ ಸೋಂಕಿನಿಂದ ಬಂದಿರುತ್ತದೆ. ಎಳನೀರು ಕುಡಿದು ವಾರಗಟ್ಟಲೆ ಕಾಯುವುದು ಸರಿಯಲ್ಲ.

ಖಾರವೂ 'ಹಾಟ್' ತಾನೇ? ಕನ್ನಡದಲ್ಲಿ ಖಾರಕ್ಕೂ ಬಿಸಿಗೂ ನಂಟಿಲ್ವಾ?

ಇದೆ. 'ಬಾಯಿ ಉರಿ' ಅನ್ನುತ್ತೇವಲ್ಲ, ಅಲ್ಲಿ. ಆ ಮಾತು ಅಕ್ಷರಶಃ ನಿಜ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್, ಸುಮಾರು 43 ಡಿಗ್ರಿ ದಾಟಿದ ಬಿಸಿಯನ್ನು ಗುರುತಿಸುವ ನರದ ಬಾಗಿಲನ್ನೇ ತೆರೆಯುತ್ತದೆ. ಮಿದುಳಿಗೆ ಹೋಗುವ ಸುದ್ದಿ 'ಸುಡುತ್ತಿದೆ' ಎಂದೇ. 1997ರಲ್ಲಿ ಈ ಬಾಗಿಲನ್ನು ಪತ್ತೆಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ನೋಡಲು ಕೆಂಡದಂತೆ ಇದ್ದರೂ ಉರಿ ಕಡಿಮೆ. ಬಣ್ಣಕ್ಕೇ ಹೆಸರುವಾಸಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು.

'ಹಸು ಹೀಟಿಗೆ ಬಂದಿದೆ' ಎನ್ನುವುದಕ್ಕೆ ಕನ್ನಡ ಪದ?

ಬೆದೆ. 'ಹಸು ಬೆದೆಗೆ ಬಂದಿದೆ'. ಡೇರಿಯಲ್ಲಿ ಹೀಟ್ ಅನ್ನುವವರೂ ಇದ್ದಾರೆ, ಆದರೆ ಬೆದೆ ಇನ್ನೂ ಗಟ್ಟಿಯಾಗಿ ಬದುಕಿರುವ ಪದ. ಸುಮಾರು 21 ದಿನಕ್ಕೊಮ್ಮೆ ಬರುತ್ತದೆ. ಸುಮ್ಮಸುಮ್ಮನೆ ಕೂಗುವುದು, ಮೇವು ಬಿಡುವುದು, ಹಾಲು ಕಡಿಮೆಯಾಗುವುದು, ಗಾಜಿನಂಥ ಲೋಳೆ ಇಳಿಯುವುದು ಗುರುತು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗಬ್ಬ ಕಟ್ಟುವ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸುವುದು ರೂಢಿ. ತಪ್ಪಿಸಿಕೊಂಡರೆ ಮೂರು ವಾರ ಹೋಯಿತು.

ಓಟದ ಪಂದ್ಯದ 'ಹೀಟ್ಸ್'?

ಹೀಟ್ಸ್ ಎಂದೇ ಬರೆಯಿರಿ. ಪಿ. ಟಿ. ಉಷಾ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಿಂದ ಕಂಚು ಕಳೆದುಕೊಂಡದ್ದು ಫೈನಲ್‌ನಲ್ಲಿ. ಅದಕ್ಕೂ, ಸೆಮಿಫೈನಲ್‌ಗೂ ಮುಂಚೆ ಓಡಿದ ಮೊದಲ ಸುತ್ತು ಹೀಟ್ಸ್. ಇದನ್ನು 'ಶಾಖ' ಎಂದು ಅನುವಾದಿಸಿದ ಕರಡೊಂದನ್ನು ನಾನೇ ತಿದ್ದಿದ್ದೇನೆ.

ಕೋಪ, ಚಿಂತೆ, ದುಃಖಕ್ಕೂ ಬಿಸಿಯ ಮಾತೇ ಯಾಕೆ ಬರುತ್ತದೆ?

ಮೈಯಲ್ಲಿ ಹಾಗೇ ಅನ್ನಿಸುತ್ತದೆ, ಅದಕ್ಕೆ. ಸಿಟ್ಟು ಬಂದವರು ಉರಿದುಬೀಳುತ್ತಾರೆ, ಕೆಂಡಾಮಂಡಲವಾಗುತ್ತಾರೆ. ಅಸೂಯೆ ಹೊಟ್ಟೆಯಲ್ಲಿ ಇರುತ್ತದೆ: ಹೊಟ್ಟೆಕಿಚ್ಚು, ಹೊಟ್ಟೆಉರಿ. ಚಿಂತೆ ತಲೆಯಲ್ಲಿ. ಮಲೆನಾಡು, ಕರಾವಳಿಯಲ್ಲಿ 'ತಲೆಬಿಸಿ ಮಾಡ್ಕೋಬೇಡಿ' ಅಂದರೆ ಚಿಂತೆ ಬಿಡಿ ಅಂತ. ನುಂಗಲೂ ಆಗದ, ಉಗುಳಲೂ ಆಗದ ಸಂಗತಿ ಬಿಸಿತುಪ್ಪ. ಲಂಚ ಕೊಡುವುದು ಕೈ ಬೆಚ್ಚಗೆ ಮಾಡುವುದು.

ದುಃಖದ ಕಡೆ ಸಂಸ್ಕೃತದ ತಾಪ ಬಂದು ಸೇರಿದೆ. ಸಂತಾಪ, ಪಶ್ಚಾತ್ತಾಪ, ಪರಿತಾಪ. ಒಳಗೇ ಬೇಯುವುದು ಎಂಬ ಅರ್ಥ ಎಲ್ಲದರಲ್ಲೂ ಇದೆ. ತಪಸ್ಸು ಕೂಡ ಅದೇ ಧಾತುವಿನದು. ಇವುಗಳಲ್ಲಿ ನನಗೆ ಹತ್ತಿರದ್ದು ತಾಪತ್ರಯ. ತನ್ನಿಂದ ಬರುವುದು, ಬೇರೆ ಜೀವಿಗಳಿಂದ ಬರುವುದು, ದೈವದಿಂದ ಬರುವುದು ಎಂದು ಮನುಷ್ಯನ ಮೂರು ಬೇಗೆಗಳನ್ನು ಹಿಂದಿನವರು ಎಣಿಸಿದರು. ಆ ಭಾರವಾದ ಪದ ಊರೊಳಗೆ ಇಳಿದು ಬಂದು ಈಗ 'ಗ್ಯಾಸ್ ಖಾಲಿಯಾಗಿದೆ, ಅದೊಂದು ತಾಪತ್ರಯ' ಎನ್ನುವಷ್ಟು ಮನೆಯ ಮಾತಾಗಿದೆ.

ಚುನಾವಣೆಗೆ ಕಾವು, ಕೋಳಿಗೂ ಕಾವು. ಎರಡೂ ಒಂದೇನಾ?

ಒಂದೇ. ಕಾವು ನಿಧಾನವಾಗಿ ಏರುವ, ಉಳಿಯುವ ಬಿಸಿ. ಕೋಳಿ 21 ದಿನ ಮೊಟ್ಟೆಯ ಮೇಲೆ ಕೂತು ಕಾವು ಕೊಡುತ್ತದೆ, ಮೇವಿಗೆ ಎದ್ದರೂ ಬೇಗ ಓಡಿ ಬಂದು ಮತ್ತೆ ಕೂರುತ್ತದೆ. ಚುನಾವಣೆಯ ಕಾವೂ, ಹೋರಾಟದ ಕಾವೂ ಹೀಗೇ ದಿನದಿಂದ ದಿನಕ್ಕೆ ಏರುವುದು. ಒಮ್ಮೆಲೇ ಬಂದು ತಾಗುವುದಾದರೆ ಅದು ಬಿಸಿ. 'ಮುಷ್ಕರದ ಬಿಸಿ ತಟ್ಟಿತು' ಅನ್ನುತ್ತೇವೆ, 'ಕಾವು ತಟ್ಟಿತು' ಅನ್ನುವುದು ಅಪರೂಪ. ಕೊಡಲಿ ಕಾವು ಮಾತ್ರ ಬೇರೆ ಪದ. ಅದು ಕೊಡಲಿಯ ಹಿಡಿ.

ಹಾಗಾದರೆ ಔಷಧದ ಡಬ್ಬಿಯ ಮೇಲೆ ಏನು ಬರೆಯಬೇಕು?

ಯಾವ ಬಿಸಿ ಎಂದು ಹೇಳಿ. 'ಬಿಸಿಲಿಗೆ ಇಡಬೇಡಿ. ಒಲೆಯ ಹತ್ತಿರ ಇಡಬೇಡಿ. 25 ಡಿಗ್ರಿಗಿಂತ ತಂಪಾದ ಜಾಗದಲ್ಲಿಡಿ.' ಜಾಗ ಸಾಲದಿದ್ದರೆ 'ಬಿಸಿಲು, ಬೆಂಕಿಯಿಂದ ದೂರವಿಡಿ'. ಅಕ್ಷರದ ಲೆಕ್ಕದಲ್ಲಿ ಒಂದು ಪದ ಜಾಸ್ತಿಯಾಗುತ್ತದೆ, ಅಷ್ಟೇ.

ಹೊರದೇಶದಲ್ಲಿ ಬೆಳೆಯುತ್ತಿರುವ ನನ್ನ ಮಗಳು ಎಲ್ಲಕ್ಕೂ 'ಬಿಸಿ' ಅನ್ನುತ್ತಾಳೆ. ಎಲ್ಲಿಂದ ಶುರು ಮಾಡಲಿ?

ಬಚ್ಚಲಿನಿಂದ. ಬಕೆಟ್‌ಗೆ ತಣ್ಣೀರು ಬಿಟ್ಟು ಅವಳ ಕೈ ಅದ್ದಿಸಿ: ತಣ್ಣಗೆ. ಸ್ವಲ್ಪ ಬಿಸಿನೀರು ಬೆರೆಸಿ: ಉಗುರುಬೆಚ್ಚಗೆ. ಇನ್ನಷ್ಟು: ಬೆಚ್ಚಗೆ. ಮತ್ತಷ್ಟು, ಈಗ ಕೈ ತಾನೇ ಹಿಂದೆ ಬರುತ್ತದೆ: ಬಿಸಿ. ಅಲ್ಲಿಗೆ ನಿಲ್ಲಿಸಿ, ಸುಡುವುದನ್ನೂ ಕುದಿಯುವುದನ್ನೂ ದೂರದಿಂದ ತೋರಿಸಿದರೆ ಸಾಕು. ಮುಂದೆ ಎಂದಾದರೂ ಅವಳಿಗೆ ಜ್ವರ ಬಂದ ದಿನ ಹಣೆ ಮುಟ್ಟಿ, 'ಮೈ ಬೆಚ್ಚಗಿದೆ' ಅಂತಲೋ 'ಮೈ ಸುಡ್ತಿದೆ' ಅಂತಲೋ ಕನ್ನಡದಲ್ಲೇ ಹೇಳಿ. ಎರಡರ ನಡುವಿನ ವ್ಯತ್ಯಾಸ ನಿಮ್ಮ ದನಿಯಲ್ಲೇ ಅವಳಿಗೆ ಗೊತ್ತಾಗುತ್ತದೆ.